ಒಡೆದ ಓಡು ಯಾರ್ದು

ನಮ್ಮತ್ತಿಗೆಯ ಬಲಗಾಲಿನ ಹಿಮ್ಮಡಿ ಒರಳುಕಲ್ಲಿನ ಹಂಗಿತ್ತು. ನಲವತ್ತು ವರ್ಷ ಗುಂಡಿಮಗ್ಗ ತುಳಿದ ಕಾಲು. ಆ ಕಾಲಲ್ಲಿ ಎದೆಗೆ ಒದೆ ತಿಂದು ಬದುಕಿರೋನು ಈ ನೆಗಮ ಊರಲ್ಲಿ ನಾನೊಬ್ನೇ. ಎರಡು ಪಕ್ಕೆಲುಬು ಮುರೀತು. ಬೇಕಾದ್ರೆ ಮುಟ್ಟಿ ನೋಡಿ, ಇನ್ನೂ ಗಂಟು ಸಿಗ್ತದೆ.

ಅಣ್ಣ ಮೊದ್ಲೇ ಹೋಗಿದ್ದ, ಮಕ್ಕಳಿಲ್ಲ. ಅಪ್ಪ ಸಾಯೋಕ್ಮುಂಚೆ ಮನೇನ ನನ್ನ ಹೆಸರಿಗೆ ಬರೆದ್ರು, ಸೊಸೆ ಬದುಕಿರೋವರ್ಗೂ ಅಲ್ಲೇ ಇರ್ಲಿ ಅಂತಾನೂ ಬರೆದ್ರು. ಒಡೆದ ಓಡು ಯಾರು ಹಾಕಿಸ್ಬೇಕು ಅಂತ ಮಾತ್ರ ಬರೀಲಿಲ್ಲ. ನಮ್ಮ ಕಡೆ ಹೆಂಚಿಗೆ ಓಡು ಅಂತೀವಿ.

"ಇರೋವ್ರು ಹಾಕಿಸ್ಕೋಬೇಕು" ಅಂತ ನಾನು.

"ಮನೆ ನಿಂದು, ಸೋರೋದು ಮಾತ್ರ ನಂದಾ?" ಅಂತ ಅವಳು.

ಒಂದ್ಸಲ ಮಗ್ಗದ ಹಾಸುನೂಲಿನ ಮೇಲೆ ನೀರು ಬಿದ್ದು ಅರ್ಧ ಸೀರೆ ಹಾಳಾಯ್ತು ಅಂತ ಬಂದ್ಲು. ನಾನು ಸುಮ್ನಿರೋ ಆಸಾಮಿಯಾ? ಹಳೇ ಕೊಡೆ ಒಂದನ್ನ ಅವಳ ಮಗ್ಗದ ಮೇಲೆ ಕಟ್ಟಿ, "ಅತ್ತಿಗೆ, ರಿಪೇರಿ ಮುಗೀತು" ಅಂದೆ. ಕಡ್ಡಿ ಒಂದೂ ಉಳೀದಂಗೆ ಆ ಕೊಡೇಲೇ ಬಾರಿಸಿದ್ಲು. ಸಾಲ್ದೂಂತ ಲಾಳಿ ಎಸೆದು ಹುಬ್ಬು ಸೀಳಿದ್ಲು. ಮಾರನೇ ದಿನದಿಂದ ಬಿದ್ದ ಓಡಿನ ಚೂರೆಲ್ಲ ತಂದು ಎದುರಿಗಿರೋ ನಮ್ಮನೆ ಬಾಗಿಲಿಗೆ ಬೀಸೋಳು. ಒಂದೊಂದಕ್ಕೂ "ಓಡು, ಓಡು" ಅಂತ ಕೂಗೋಳು. ದಾರೀಲಿ ಹೋಗೋ ಹೊಸಬ್ರು ತಮ್ಗೇ ಹೇಳಿದ್ಲು ಅಂತ ಓಡ್ತಿದ್ರು.

ಆಡಿ ತಿಂಗಳ, ಅಂದ್ರೆ ಆಷಾಢದ ಗಾಳಿ ಬೀಸ್ತಿದ್ದ ಒಂದು ಮಧ್ಯಾಹ್ನ. ಅವಳು ನೇಯ್ತಿದ್ಲು, ನಾನು ಬಾಗಿಲ ಹತ್ರ ಕೂತು ರೇಗಿಸ್ತಿದ್ದೆ. ಮೇಲೆ ಏನೋ ಲಟಕ್ಕಂತು.

"ಓಡು" ಅಂತ ಕಿರುಚಿದ್ಲು.

"ಹಾಕ್ಸಲ್ಲ" ಅಂತ ನಕ್ಕೆ.

"ಓಡು, ಮೂದೇವಿ."

"ಒಂದೂ ಹಾಕ್ಸಲ್ಲ ಹೋಗು."

ಗುಂಡಿಯಿಂದ ಹಾರಿ ಬಂದು ಎದೆಗೆ ಒದ್ಲು. ನಾನು ಜಗಲಿ ದಾಟಿ ಬೀದೀಲಿ ಬಿದ್ದೆ. ನಾನು ಕೂತಿದ್ದ ಜಾಗಕ್ಕೇ ಸೂರಿನ ತೊಲೆ ಬಿತ್ತು, ಅವಳು ಒದ್ದ ಕಾಲಿನ ಮೇಲೆ. ಎಲುಬು ಪುಡಿಯಾಗಿ ಓಡಿನ ಚೂರಿನ ಜೊತೆ ಬೆರ್ತೋಗಿತ್ತು. ಆಸ್ಪತ್ರೇಲಿ ಮೊಣಕಾಲಿನ ಕೆಳಗೆ ತೆಗೆದ್ರು.

ಅವಳು ವಾಪಸ್ ಬರೋದ್ರೊಳಗೆ ಇಡೀ ಮನೆಗೆ ಹೊಸ ಓಡು ಹಾಕಿಸ್ದೆ. ಮಲಗಿದ ಹಂಗೇ ಮೇಲೆ ನೋಡಿದ್ಲು. "ಚೆನ್ನಾಗೈತೆ ಯಜಮಾನ್ರೇ. ಈಗ ತುಳಿಯೋಕೆ ಕಾಲು ಕೊಡಿ" ಅಂದ್ಲು.

ಕೊಟ್ಟೆ. ಆರು ವರ್ಷ ಪಕ್ಕ ಪಕ್ಕ ಕೂತು, ಅವಳು ಲಾಳಿ ಎಸೆದ್ಲು, ನಾನು ತುಳಿದೆ. ತುಳಿತ ತಪ್ಪಿದ್ರೆ ತಲೆಗೊಂದು ಬಿಡೋಳು. ಬೇಕಂತ್ಲೇ ಎಷ್ಟೋ ಸಲ ತಪ್ಪಿದೀನಿ.

ಹೋದ ಆಡೀಲಿ ಹೋದ್ಲು. ಮನೆ ಈಗ ಪೂರ್ತಿ ನಂದು. ಒಂದು ಹನಿ ಸೋರಲ್ಲ. ಬೀದೀಲಿ ಯಾರಾದ್ರೂ "ಓಡು" ಅಂದ್ರೆ ಸಾಕು, ನಾನು ಓಡಲ್ಲ, ಮೇಲೂ ನೋಡಲ್ಲ. ಎದೆ ಕೊಟ್ಟು ನಿಂತ್ಕೋತೀನಿ.