ಕಾಲಿನಿಂದ ಹಾಡಿದ ದೇವೀರಮ್ಮ

ಹೋದ ಸೋಮವಾರ ನನ್ನ ಹಳೆಯ ಸೈಕಲ್ಲಿಗೆ ಬ್ರೇಕ್ ವೈರು ಹಾಕಿಸಲು ಹೋಗಿದ್ದೆ. ಈ ವಯಸ್ಸಿನಲ್ಲಿ ಸೈಕಲ್ ಯಾಕೆ ಎಂದು ನೀವು ಕೇಳಬಹುದು. ತುಳಿಯುವುದಕ್ಕಲ್ಲ, ತಳ್ಳಿಕೊಂಡು ನಡೆಯುವುದಕ್ಕೆ. ಊರುಗೋಲು ಹಿಡಿಯಲು ನನಗಿನ್ನೂ ನಾಚಿಕೆ. ಅಂಗಡಿಯವನು ಹೊಸ ವೈರನ್ನು ಎಳೆದು ಕಟ್ಟಿ, ಬಿಗಿ ಸಾಕೇ ಎಂದು ನೋಡಲು ಬೆರಳಿನಿಂದ ಒಮ್ಮೆ ಮೀಟಿದ. ಮಂಕಾದ ಒಂದು ಸದ್ದು ಎದ್ದು, ಅವನು ತಿರುಪು ತಿರುಗಿಸಿದಂತೆಲ್ಲ ಮೆಲ್ಲನೆ ಮೇಲಕ್ಕೆ ಹತ್ತಿತು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಯಾಕ್ ತಾತ, ತಲೆ ಸುತ್ತಾ?" ಎಂದ.

ಇಲ್ಲಪ್ಪ ಎಂದೆ. ಚಲುವಯ್ಯನ ನೆನಪಾಯಿತು ಎಂದರೆ ಅವನಿಗೆ ತಿಳಿಯುವುದಾದರೂ ಹೇಗೆ?

ಅದು ಯುದ್ಧದ ಕಾಲ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಚಲುವಯ್ಯ ಫಿಟ್ಟರು, ನಾನು ಉಗ್ರಾಣದ ಗುಮಾಸ್ತ. ನನಗಿಂತ ಹತ್ತು ವರ್ಷ ದೊಡ್ಡವನಾದರೂ ಅವನು ನನ್ನನ್ನು 'ಸ್ವಾಮಿ' ಎನ್ನುತ್ತಿದ್ದ, ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಆಗ ಅದು ಸಹಜವೆನ್ನಿಸುತ್ತಿತ್ತು. ಈಗ ನೆನೆದರೆ ಮೈ ಮುದುಡುತ್ತದೆ. ನಮ್ಮ ತಂದೆ ನನಗೆ ಎಂಟು ವರ್ಷ ವೀಣೆ ಕಲಿಸಿದ್ದರು. ನುಡಿಸಾಣಿಕೆ ನನಗೆ ಹೆಚ್ಚು ಬರಲಿಲ್ಲ. ಆದರೆ ಬೇರೆಯವರ ತಪ್ಪು ಹಿಡಿಯುವುದು ಚೆನ್ನಾಗಿ ಬಂದಿತ್ತು, ಅದನ್ನೇ ಸಂಗೀತಜ್ಞಾನ ಎಂದುಕೊಂಡಿದ್ದೆ.

ಯಂತ್ರ ಕೂರಿಸಲು ಬಂದಿದ್ದ ಒಬ್ಬ ಬಿಳಿಯ ದೊರೆ ಯುದ್ಧಕ್ಕೆ ಹೊರಡುವಾಗ ತನ್ನ ಗಿಟಾರನ್ನು ಚಲುವಯ್ಯನಿಗೆ ಕೊಟ್ಟು ಹೋಗಿದ್ದ. ಅದನ್ನು ಎದೆಗೆ ಆನಿಸಿಕೊಂಡು ನುಡಿಸುವುದಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ನುಣ್ಣನೆಯ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವುದು. ಸಂಜೆ ದೊರೆ ಜಗಲಿಯಲ್ಲಿ ಕುಳಿತು ಜಾರಿಸುತ್ತಿದ್ದರೆ ಯಾರೋ ಹೆಂಗಸು ಬಾಯಿ ಮುಚ್ಚಿಕೊಂಡು ಹಾಡಿದಂತೆ ಕೇಳುತ್ತಿತ್ತು.

"ಸ್ವಾಮಿ, ಕಬ್ಬುಣಕ್ಕೂ ಗಂಟ್ಲದೆ ಅಂತ ನಂಗೊತ್ತಿರ್ನಿಲ್ಲ" ಎಂದು ಚಲುವಯ್ಯ ಅದನ್ನು ನನ್ನ ಮನೆಗೆ ಹೊತ್ತು ತಂದ. "ಇದ್ಕೆ ಸುತಿ ಮಾಡ್ಕೊಡಿ. ನಮ್ಮಕ್ಕಂಗೆ ಬೇಕು."

ಅವನ ಅಕ್ಕ ದೇವೀರಮ್ಮ ಮಳವಳ್ಳಿಯಲ್ಲಿ ಮಗ್ಗ ನೇಯುವವಳು, ಗಂಡ ಇರಲಿಲ್ಲ. ಸುತ್ತಿನ ಊರುಗಳಲ್ಲಿ, ಬೆಳಕವಾಡಿಯವರೆಗೂ, ಅವಳು ಸೋಬಾನೆ ಹಾಡದೆ ಮದುವೆ ನಡೆಯುತ್ತಿರಲಿಲ್ಲವಂತೆ. ಹಿಂದಿನ ವರ್ಷ ಗಂಟಲಲ್ಲಿ ಗಂಟು ಬೆಳೆದು, ಮೈಸೂರಿನಲ್ಲಿ ಕೊಯ್ದು ತೆಗೆದರು. ಪ್ರಾಣ ಉಳಿಯಿತು, ದನಿ ಹೋಯಿತು. ಬರುವ ವೈಶಾಖದಲ್ಲಿ ಅವಳ ಒಬ್ಬಳೇ ಮಗಳು ಗೌರಿಯ ಮದುವೆ.

"ಊರೋರ್ ಮಕ್ಳಿಗೆಲ್ಲ ಆಡಿದ್ಲು ಸ್ವಾಮಿ. ಈಗ ಸ್ವಂತ ಮಗ್ಳು ಅಸೆ ಮೇಲೆ ಕೂತ್ಕಂಡ್ರೆ ಮೂಕಿ ಅಂಗೆ ನೋಡ್ಬೇಕಲ್ಲ" ಎಂದ.

ನಾನು ಷಡ್ಜ, ಪಂಚಮ, ಮತ್ತೆ ಷಡ್ಜ ಎಂದು ಕ್ರಮವಾಗಿ ಶ್ರುತಿ ಮಾಡಿಕೊಟ್ಟೆ. ಭಾನುವಾರ ಇಬ್ಬರೂ ಆಗ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮೂಗಿನ ತುಂಬ ಮಸಿ ಮೆತ್ತಿಕೊಂಡು ಮಳವಳ್ಳಿಗೆ ಹೋದೆವು.

ದೇವೀರಮ್ಮ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ತೆಳ್ಳನೆಯ ಹೆಂಗಸು, ಕುತ್ತಿಗೆಯಲ್ಲಿ ಗಾಯದ ಗೆರೆ. ತಮ್ಮ ತೋರಿಸಿದಂತೆ ಉಕ್ಕನ್ನು ತಂತಿಯ ಮೇಲಿಟ್ಟು ಒಮ್ಮೆ ಜಾರಿಸಿದಳು. ಕಣ್ಣು ತುಂಬಿ ಬಂತು. ಮತ್ತೆ ಜಾರಿಸಿದಳು. ಅರ್ಧ ಗಂಟೆ ಹೀಗೆ ಮಾಡಿ, ಉಕ್ಕನ್ನು ಕೆಳಗಿಟ್ಟು ತಲೆಯಾಡಿಸಿಬಿಟ್ಟಳು.

ಅವಳ ಮಾತು ಬರೀ ಉಸಿರು. ಬಗ್ಗಿ ಕೇಳಬೇಕಿತ್ತು. "ಆಡ್ತಾ ಆಡ್ತಾ ನಾ ಮ್ಯಾಕ್ಕೆ ಏಳ್ತಿದ್ರೆ ಜೊತೆಯೋರು ಅಲ್ಲೇ ನಿಂತಿರೋರು ಕಣಪ್ಪ. ಅವ್ರು ನಿಂತವ್ರೆ ಅಂತ್ಲೇ ನಾ ಎದ್ದಿದ್ದು ಕಾಣ್ಸೋದು. ಇದ್ರಲ್ಲಿ ಎಲ್ರೂ ಒಟ್ಗೇ ಎದ್ದೋಯ್ತಾರೆ."

ಎಂಟು ವರ್ಷದಲ್ಲಿ ಇಂಥ ಮಾತು ನನಗೆ ಹೊಳೆದಿರಲಿಲ್ಲ. ಉಕ್ಕು ಜಾರಿದರೆ ಅದರಡಿಯ ಆರು ತಂತಿಗಳೂ ಜೊತೆಗೇ ಜಾರುತ್ತವೆ. ಒಂದನ್ನು ಮಾತ್ರ ಎಬ್ಬಿಸಿ ಉಳಿದವನ್ನು ನಿಲ್ಲಿಸಲು ಇನ್ನೊಂದು ಕೈ ಬೇಕು. "ಇದು ಆಗದ ಕೆಲಸ" ಎಂದು ನಾನು ತೀರ್ಪು ಕೊಟ್ಟೆ. ತೀರ್ಪು ಕೊಡುವುದರಲ್ಲಿ ನಾನು ತಡಮಾಡುತ್ತಿರಲಿಲ್ಲ.

ಚಲುವಯ್ಯ ನನ್ನ ಕಡೆ ನೋಡಲೇ ಇಲ್ಲ. ಅಕ್ಕ ಬೇಸರದಿಂದ ಮತ್ತೆ ಮಗ್ಗಕ್ಕೆ ಕುಳಿತಿದ್ದಳು. ಅವನು ನೆಲದ ಮೇಲೆ ಒರಗಿ ಗುಂಡಿಯೊಳಗೆ ಇಣುಕುತ್ತಿದ್ದ. ಕೆಳಗೆ ಅವಳ ಎರಡು ಕಾಲು ಎರಡು ಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದವು. ಒಂದನ್ನು ಒತ್ತಿದರೆ ಅರ್ಧ ನೂಲುಗಳು ಏಳುತ್ತವೆ, ಇನ್ನರ್ಧ ಹಾಗೇ ಇರುತ್ತವೆ.

"ಅಕ್ಕನ್ ಕಾಲ್ಗೆ ಗ್ಯಾನ ಅದೆ ಸ್ವಾಮಿ" ಎಂದು ಎದ್ದು ನಿಂತ.

ಮುಂದಿನ ನಾಲ್ಕು ತಿಂಗಳು ನಾನು ಕಂಡದ್ದನ್ನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ಮೊದಲು ಗಿಟಾರಿಗೆ ನಾಲ್ಕು ಕಾಲು ಹಚ್ಚಿ ಮೇಜಿನಂತೆ ನಿಲ್ಲಿಸಿದ. ಕೆಳಗೆ ಎರಡು ಹಲಗೆ. ಹಲಗೆಯಿಂದ ಸೈಕಲ್ಲಿನ ಬ್ರೇಕ್ ವೈರು ಮೇಲೆ ಹೋಗಿ, ತಂತಿಯ ಬಾಲಕ್ಕೆ ಕಟ್ಟಿದ ಪುಟ್ಟ ಸನ್ನೆಕೋಲೊಂದನ್ನು ಎಳೆಯುತ್ತಿತ್ತು. ಒತ್ತಿದರೆ ಆ ಒಂದು ತಂತಿ ಬಿಗಿಯಾಗಿ ಸ್ವರ ಏರುವುದು. ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಕರೆದುಕೊಳ್ಳುವುದು. ಎಷ್ಟು ಏರಬೇಕು, ಎಲ್ಲಿಗೆ ಇಳಿದು ನಿಲ್ಲಬೇಕು ಎನ್ನುವುದಕ್ಕೆ ಒಂದೊಂದು ತಡೆ ತಿರುಪು. ಮೊದಲ ವಾರವೇ ಎಳೆತ ತಾಳದೆ ಗಿಟಾರಿನ ಹೊಟ್ಟೆ ಬಾಯಿಬಿಟ್ಟಿತು. ಅವನು ಅಳಲಿಲ್ಲ, ನಾನು 'ಹೇಳಲಿಲ್ಲವೇ' ಎಂದೆ. ಹಲಸಿನ ಮರದ ಉದ್ದನೆಯ ಪೆಟ್ಟಿಗೆ ಮಾಡಿಸಿ, ತಂತಿಗಳನ್ನು ಅದರ ಮೇಲೆ ಬಿಗಿದ. ತಂತಿ ಹರಿಯಿತು, ಮತ್ತೆ ಹಾಕಿದ. ಏರಿದ ತಂತಿ ಇಳಿದಾಗ ಹೊರಟ ಜಾಗಕ್ಕೇ ಬಾರದೆ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಿತ್ತು. ಅದೊಂದಕ್ಕೇ ಆರು ವಾರ ಹಿಡಿಯಿತು. ಸರಿ ತಪ್ಪು ಹೇಳಲು ನಾನು. ಅಷ್ಟು ಕೆಲಸಕ್ಕೆ ನನ್ನ ವಿದ್ಯೆ ಒದಗಿತು.

ಒಂದು ದಿನ ಅವನು ಉಕ್ಕನ್ನು ತಂತಿಗಳ ಮೇಲೆ ಅಲುಗದಂತೆ ಹಿಡಿದು, ಮೀಟಿ, ಎಡಗಾಲಿನಲ್ಲಿ ಮೆಲ್ಲನೆ ಒತ್ತಿದ. ಷಡ್ಜ ಪಂಚಮ ಎರಡೂ ಗೋಡೆಯಂತೆ ನಿಂತೇ ಇದ್ದವು. ಅವುಗಳ ನಡುವಿನಿಂದ ರಿಷಭವೊಂದು ಎದ್ದು ಗಾಂಧಾರಕ್ಕೆ ಬಂತು. ಕೈ ಎಲ್ಲಿಯೂ ಚಲಿಸಿರಲಿಲ್ಲ. "ಇನ್ನೊಂದು ಸಲ" ಎಂದು ಮಾತ್ರ ಹೇಳಿದೆ.

ಮದುವೆಗೆ ಎರಡು ತಿಂಗಳಿರುವಾಗ ಅದನ್ನು ಮಳವಳ್ಳಿಗೆ ಸಾಗಿಸಿದೆವು. ಮದ್ದೂರಿನಲ್ಲಿ ಬಸ್ಸಿನ ಮೇಲಕ್ಕೆ ಏರಿಸುವಾಗ ಡ್ರೈವರು, "ಏನ್ಲಾ ಅದು, ಎಣದ್ ಪೆಟ್ಗೆ ಇದ್ದಂಗದೆ?" ಎಂದ.

"ನಮ್ಮಕ್ಕನ್ ಗಂಟ್ಲು ಕಣ್ಲಾ, ಉಷಾರಾಗ್ ಇಡು" ಎಂದ ಚಲುವಯ್ಯ.

ದೇವೀರಮ್ಮ ಕಲಿತಳು ಎಂದರೆ ಸುಳ್ಳಾದೀತು. ಕಾಲಿಗೆ ಕಲಿಸುವುದೇನೂ ಇರಲಿಲ್ಲ. ಕೈಯಷ್ಟೇ ಕಾಲನ್ನು ಹಿಂಬಾಲಿಸಿತು. ಮಧ್ಯಾಹ್ನದ ಹೊತ್ತು ಮಗ್ಗ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಸಾಧನೆ ಮಾಡುತ್ತಿದ್ದಳು. ಮಗಳಿಗೂ ಕೇಳಿಸಬಾರದೆಂದು ಆ ಹೊತ್ತಿಗೆ ಅವಳನ್ನು ನೂಲು ತರಲು ಕಳಿಸಿಬಿಡುತ್ತಿದ್ದಳಂತೆ.

ಮದುವೆಯ ಬೆಳಗ್ಗೆ ಪೆಟ್ಟಿಗೆಯನ್ನು ಮನೆಯಿಂದ ಚಪ್ಪರದವರೆಗೆ ಎತ್ತಿನ ಗಾಡಿಯಲ್ಲಿ ತಂದರು. ಗೌರಿ ಹಸೆಯ ಮೇಲೆ ಕುಳಿತಿದ್ದಳು. ಜೊತೆಗೆ ಹಾಡುವ ನಾಲ್ಕು ಹೆಂಗಸರು ಹಿಂದೆ ನಿಂತರು. ನಾನು ಮುಂದಿನ ಸಾಲಿನಲ್ಲಿ, ಪುಸ್ತಕ ಪೆನ್ಸಿಲು ಹಿಡಿದು, ಎಲ್ಲವೂ ನನ್ನಿಂದಲೇ ಆದದ್ದು ಎಂಬಂತೆ ಕುಳಿತಿದ್ದೆ. ದೇವೀರಮ್ಮ ಮೊದಲ ಸಲ ಮೀಟಿದೊಡನೆ ತಪ್ಪು ನನ್ನ ಕಿವಿಗೆ ಬಿತ್ತು. ಗಾಡಿಯ ಕುಲುಕಾಟಕ್ಕೆ ಕೆಳಗಿನ ತಡೆ ತಿರುಪು ಸಡಿಲವಾಗಿತ್ತು. ನಡುವಿನ ತಂತಿ ರಿಷಭಕ್ಕೂ ಕೆಳಗೆ, ಯಾವ ಶಾಸ್ತ್ರದಲ್ಲೂ ಹೆಸರಿಲ್ಲದ ಜಾಗಕ್ಕೆ ಬಿದ್ದಿತ್ತು. ಚಲುವಯ್ಯ ಕೈಯಲ್ಲಿ ಸ್ಪ್ಯಾನರು ಹಿಡಿದು ಓಡಿ ಬಂದ. ನಾನೂ ಎದ್ದೆ.

ದೇವೀರಮ್ಮ ಕೈ ಎತ್ತಿ ಇಬ್ಬರನ್ನೂ ತಡೆದಳು. "ಇರ್ಲಿ ಬುಡು" ಎಂದದ್ದು ತುಟಿಯಲ್ಲಿ ಕಂಡಿತು, ಕೇಳಿಸಲಿಲ್ಲ.

ಬಿದ್ದ ಆ ತಂತಿಯನ್ನೇ ಮತ್ತೆ ಮೀಟಿ, ಕಾಲು ಒತ್ತತೊಡಗಿದಳು. ನಾವು ಅಳೆದು ಇಟ್ಟಿದ್ದಕ್ಕಿಂತ ಈಗ ಹತ್ತುವ ದೂರ ಹೆಚ್ಚಾಗಿತ್ತು. ಸ್ವರ ಅಷ್ಟು ಆಳದಿಂದ ತಡವರಿಸುತ್ತ ಎದ್ದು, ಅರ್ಧದಲ್ಲಿ ನಿಂತು, ಉಸಿರು ಹಿಡಿದು, ಮತ್ತೆ ಏರಿತು. ಮೇಲೆ ಮುಟ್ಟಿ ತೆಳ್ಳಗೆ ನಡುಗಿತು. ಬಿಟ್ಟಳು, ಜಾರಿ ಕೆಳಗೆ ಬಂತು, ಇನ್ನೊಮ್ಮೆ ಎಬ್ಬಿಸಿದಳು. ಹಿಂದಿದ್ದ ಹೆಂಗಸರು ಒಂದು ಗಳಿಗೆ ದಂಗಾದರು. ಆಮೇಲೆ ಅವರಲ್ಲಿ ಹಿರಿಯಳು, ಎಷ್ಟೋ ವರ್ಷ ದೇವೀರಮ್ಮನ ಜೊತೆ ನಿಂತವಳು, ಕಣ್ಣು ಮುಚ್ಚಿ 'ಸೋ' ಎಂದಳು. ಉಳಿದ ಮೂವರೂ ಸೇರಿದರು. ಅವರು ನಿಂತರು, ಇವಳು ಎದ್ದಳು. ಚಪ್ಪರದಲ್ಲಿ ಒಂದು ಮಗುವೂ ಅಳಲಿಲ್ಲ. ಗೌರಿ ಮಾತ್ರ ಹಸೆಯ ಮೇಲಿಂದ ತಿರುಗಿ, ವರನನ್ನೂ ಮರೆತು, ತಾಯಿಯ ಪಾದಗಳನ್ನೇ ನೋಡುತ್ತಿದ್ದಳು. ಸ್ಪ್ಯಾನರು ಹಿಡಿದ ಚಲುವಯ್ಯ ಇದ್ದಲ್ಲೇ ಕುಕ್ಕರಿಸಿದ್ದ.

ನಾನು ಪುಸ್ತಕದಲ್ಲಿ ಬರೆಯಲು ಹೋದೆ, ಅಕ್ಷರ ಸಿಗಲಿಲ್ಲ. ಆಮೇಲೂ ಎಷ್ಟೋ ವರ್ಷ ಆ ಹಾಡನ್ನು ಸ್ವರಕ್ಕೆ ಹಾಕಲು ಹೆಣಗಿದ್ದೇನೆ. ದೇವೀರಮ್ಮ ಸ್ವಾತಂತ್ರ್ಯ ಬಂದ ವರ್ಷ ತೀರಿಕೊಂಡಳು. ಆ ಪೆಟ್ಟಿಗೆಯನ್ನು ಬೇರೆ ಯಾರಿಂದಲೂ ನುಡಿಸಲಾಗಲಿಲ್ಲ. ಚಲುವಯ್ಯನೂ ಈಗಿಲ್ಲ.

ಸೈಕಲ್ ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯದೆ ನಿನ್ನೆ ಮಳವಳ್ಳಿಗೆ ಹೋಗಿ ಗೌರಿಯನ್ನು ಹುಡುಕಿದೆ. ಮೊಮ್ಮಕ್ಕಳನ್ನು ಕಂಡ ಮುದುಕಿ. ನನ್ನ ಗುರುತು ಹಿಡಿದು ಮಜ್ಜಿಗೆ ಕೊಟ್ಟಳು. ಅವತ್ತು ನಿಮ್ಮವ್ವ ನುಡಿಸಿದ್ದು ಯಾವ ಹಾಡಮ್ಮ, ಮೊದಲ ಸಾಲು ನೆನಪಿದೆಯೇ ಎಂದು ಕೇಳಿದೆ.

ಗೌರಿ ನಕ್ಕಳು. "ಆಡಾ? ಆಡೆಲ್ಲಿತ್ತಣ್ಣ? ನಾ ಚಿಕ್ಕೋಳಿದ್ದಾಗ ಕತ್ಲಾಯ್ತು ಬಾ ಅಂತ ಬೀದಿ ತುದೀಲಿ ನಿಂತು ಕೂಗೋಳು ನಮ್ಮವ್ವ. ಗೌ...ರೀ... ಅಂತ. ಅದೇ ಕಣಣ್ಣ. ನನ್ ಎಸ್ರು ಅದು. ಅವತ್ತೇ ಕೊನೆ, ಇನ್ಯಾರೂ ಅಂಗೆ ಕರೀನಿಲ್ಲ."

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ಹೊರಡುವಾಗ, ಯಾಕೆಂದು ತಿಳಿಯದೆ, ನನಗಿಂತ ಚಿಕ್ಕವಳಾದ ಅವಳಿಗೆ ಕೈ ಮುಗಿದೆ.