ಸಟ್ಟುಗ ಹಿಡಿದವನು ಮಾತಾಡಬಾರದು

ಮೊನ್ನೆ ಡಾಕ್ಟರು ನನ್ನ ಬಲಗೈಯನ್ನು ಮೇಲೆತ್ತಿ, ಹಿಂದಕ್ಕೆ ತಿರುಚಿ, ನಾನು ಅಯ್ಯಯ್ಯೋ ಎಂದದ್ದನ್ನು ಸಮಾಧಾನವಾಗಿ ಕೇಳಿಸಿಕೊಂಡು, "ಬ್ಯಾಡ್ಮಿಂಟನ್ ಆಡ್ತೀರಾ?" ಎಂದರು. ನನ್ನ ಹೊಟ್ಟೆ ನೋಡಿಯೂ ಹಾಗೆ ಕೇಳಿದರಲ್ಲ, ಪುಣ್ಯಾತ್ಮರು. "ಇಲ್ಲ ಡಾಕ್ಟ್ರೆ, ಹಾಲಬಾಯಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿಮಗಾದರೂ ಹೇಳುತ್ತೇನೆ.

ಪ್ರತಿ ತಿಂಗಳ ಎರಡನೇ ಭಾನುವಾರ ಹೊನ್ನಾವರದಿಂದ ಸುಬ್ರಾಯ ಕುಮಟೆಯ ನಮ್ಮ ಮನೆಗೆ ಬರುತ್ತಾನೆ. ಕಾಲೇಜಿನಲ್ಲಿ ನಮ್ಮದು ಒಂದೇ ಬೆಂಚು. ಈಗ ಅವನದು ಪಂಪು, ಮಿಕ್ಸರು ರಿಪೇರಿಯ ಅಂಗಡಿ. ನನ್ನದು ಕಚೇರಿಯ ಕುರ್ಚಿ. ಬೇರೆ ಗೆಳೆಯರು ಸೇರಿದರೆ ಇಸ್ಪೀಟು ಆಡುತ್ತಾರೆ, ಯಾಣಕ್ಕೆ ಹೋಗಿ ಬಂಡೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಹಾಲಬಾಯಿ ಮಾಡುತ್ತೇವೆ. ಹಿಂದೊಮ್ಮೆ ನನ್ನ ಹೆಂಡತಿ ದೋಸೆಗೆ ಅಕ್ಕಿ ನೆನೆಹಾಕಿ, ಅದನ್ನು ಮರೆತು ಗೇರುಸೊಪ್ಪದ ತವರಿಗೆ ಹೊರಟುಹೋದಳು. ಆ ಅಕ್ಕಿಯನ್ನು ಏನು ಮಾಡುವುದೆಂದು ಇಬ್ಬರು ಗಂಡಸರು ಯೋಚಿಸಿದ್ದರ ಫಲ ಇದು.

ಅಕ್ಕಿ, ಕಾಯಿ ನುಣ್ಣಗೆ ಬೀಸಿ, ಸೋಸಿ, ಬೆಲ್ಲ ಹಾಕಿ ಒಲೆಯ ಮೇಲಿಟ್ಟರೆ ಮುಗಿಯಿತು ಅಂದುಕೊಂಡಿರಾ? ಅಲ್ಲಿಂದ ಮುಂದೆ ಒಂದು ತಾಸು ಕೈ ನಿಲ್ಲಿಸುವ ಹಾಗಿಲ್ಲ. ನಿಂತರೆ ಗಂಟು, ಇನ್ನೂ ನಿಂತರೆ ತಳ ಹಿಡಿಯುತ್ತದೆ. ನಮ್ಮಿಬ್ಬರಿಗೂ ಒಂದೇ ರೋಗ: ಬಾಯಿ ತೆರೆದರೆ ಕೈ ನಿಲ್ಲುತ್ತದೆ. ಅದಕ್ಕೇ ಒಂದು ಕಾನೂನು ಮಾಡಿಕೊಂಡೆವು. ಸಟ್ಟುಗ ಹಿಡಿದವನು ಮಾತಾಡಬಾರದು. ಮಾತು ಬೇಕಾದರೆ ಸಟ್ಟುಗ ಚಾಚಬೇಕು, ಎದುರಿನವನು ತೆಗೆದುಕೊಳ್ಳಬೇಕು.

ಹೋದ ವರ್ಷ ಒಂದು ಭಾನುವಾರ ಸುಬ್ರಾಯ ಮಾಮೂಲಿಗಿಂತ ಹೆಚ್ಚು ತುಂಡು ಕಟ್ಟಿಸಿಕೊಂಡು ಹೊರಟ. ಸಂಜೆ ಅವನ ವಾಟ್ಸಾಪ್ ಸ್ಟೇಟಸ್ ನೋಡುತ್ತೇನೆ: ಅವನೂರಿನ ಯಾವುದೋ ಸಂಘದ ಸಿಹಿತಿಂಡಿ ಸ್ಪರ್ಧೆ, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಹಲ್ಲು ಕಿರಿಯುತ್ತಿರುವ ಸುಬ್ರಾಯ, ಕೆಳಗೆ 'ದ್ವಿತೀಯ ಬಹುಮಾನ: ಸುಬ್ರಾಯ'. ನನ್ನ ಹೆಸರು? ಊಹೂಂ. ಅರ್ಧ ತಾಸು ತಿರುಗಿಸಿದ ಈ ಕೈ ಯಾರದು, ನೀವೇ ಹೇಳಿ!

ಒಂದು ತಿಂಗಳು ನಾನು ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಮುಂದಿನ ಎರಡನೇ ಭಾನುವಾರ ಬಂದಾಗ, ಅವನು ಬರಲಿ, ಇದೇ ಕೊನೆ ಎಂದು ಮುಖದ ಮೇಲೆ ಹೇಳಿಬಿಡುತ್ತೇನೆ ಎಂದು ಹೆಂಡತಿಯ ಮುಂದೆ ಗುಡುಗಿದೆ.

"ಅಷ್ಟು ಸಿಟ್ಟಿದ್ರೆ ಅಕ್ಕಿ ಎಂತಕ್ಕೆ ನೆನೆಸಿದ್ರಿ?" ಎಂದಳು ಅವಳು.

ಬಯ್ಯುವುದಕ್ಕೂ ಒಂದು ಕ್ರಮ ಬೇಡವೇ? ಸುಬ್ರಾಯ ಬಂದ, ನೇರ ಒಲೆಯ ಮುಂದೆ ಹೋಗಿ ಸಟ್ಟುಗ ಹಿಡಿದ. ನಾನು ಶುರುಮಾಡಿದೆ. ಕಳ್ಳ ಎಂದೆ, ದ್ರೋಹಿ ಎಂದೆ, ಕಾಲೇಜಿನಲ್ಲಿ ನನ್ನ ಕೊಡೆ ಕಳೆದದ್ದನ್ನೂ ಸೇರಿಸಿದೆ.

"ಅಲ್ವಾ, ಅದು ಎಂತಾತಂದ್ರೆ..." ಎಂದ. ಕೈ ನಿಂತಿತು.

"ತಿರುಗ್ಸಾ! ತಳ ಹಿಡೀತದೆ!"

ಸಟ್ಟುಗ ಚಾಚಿದ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕಾನೂನು ಮುರಿದೆ, ಒಪ್ಪುತ್ತೇನೆ. ಅವನು ಮತ್ತೆ ತಿರುಗಿಸತೊಡಗಿದ. "ಇವತ್ತಿಗೆ ಆತು, ಇನ್ನು ಬರೂದು ಬೇಡ" ಎಂದುಬಿಟ್ಟೆ. ಎಂದ ಮೇಲೆ ಬಯ್ಯಲು ಏನೂ ಉಳಿಯಲಿಲ್ಲ. ಸುಬ್ರಾಯ ತಲೆ ಎತ್ತಲಿಲ್ಲ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಆದರೂ ತಿರುಗಿಸುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. ಹೋಗಿ ಸಟ್ಟುಗ ಕಿತ್ತುಕೊಂಡೆ.

ಅವನು ಮುಖ ಒರೆಸಿಕೊಂಡ. "ಬಂದವ್ರೇ ಇಬ್ರು ಮಾರಾಯ! ನಾನೊಬ್ಬ, ಶೇಂಗಾ ಉಂಡೆ ತಂದ ಅಮ್ಮ ಒಬ್ರು. ತೀರ್ಪು ಹೇಳೂಕೆ ಮೂರು ಜನ. ನಮ್ಮ ಹಾಲಬಾಯಿಗೆ ಚಾಕು ಇಳೀಲೇ ಇಲ್ಲ. ಒಬ್ರು ಕತ್ತಿ ಸಿಕ್ತದಾ ಕೇಳಿದ್ರು."

ನನಗೆ ನಗು ಉಕ್ಕಿಬಂತು. ನಗಲೂ ಭಯ, ಕೈ ನಿಲ್ಲುತ್ತದೆ.

"ಸ್ಪರ್ಧೆಗೆ ಹೆಸ್ರು ಕೊಡೂ ಚೀಟೀಲಿ ನಿನ್ ಹೆಸರೇ ಮೊದ್ಲು ಬರೆದಿದ್ದೆ. ಇಬ್ರೇ ಅಂತ ಗೊತ್ತಾದ ಕೂಡ್ಲೆ ಹೊಡೆದ್ ಹಾಕ್ದೆ. ಮರ್ಯಾದೆ ಹೋಗೂದಾದ್ರೆ ನಂದೊಂದೇ ಹೋಗ್ಲಿ ಅಂತ. ನನ್ನ ಫೋನಿಂದ ಸ್ಟೇಟಸ್ ಹಾಕಿದ್ದು ನನ್ನ ಹೆಂಡ್ತಿ, ಅವಳಿಗೆ ಬಹುಮಾನ ಬಂತಲ್ಲ ಅಂತ ಖುಷಿ. ನಿಂಗೆ ಹೇಳೂಕೆ ನಾಚಿಕೆ ಆತು..."

ನಾನು ಒಲೆಯ ಮುಂದೆ ಬಾಗಿ ಹೋ ಎಂದು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದು ನಗುವಿನದು ಮಾತ್ರ ಎಂದು ಸುಳ್ಳು ಹೇಳಲಾರೆ.

"ತಿರುಗ್ಸಾ!" ಎಂದು ಸುಬ್ರಾಯ ಅರಚಿದ.

ಅಂದಿನ ಹಾಲಬಾಯಿಯ ತಳ ಹಿಡಿದೇ ಹಿಡಿಯಿತು. ಸುಟ್ಟದ್ದನ್ನು ಕೆರೆದು ತೆಗೆದು, ಉಳಿದದ್ದನ್ನು ಅಲ್ಲೇ ಕೂತು ತಿಂದೆವು.

ಈ ವರ್ಷವೂ ಆ ಸ್ಪರ್ಧೆ ಇದೆಯಂತೆ. ಸುಬ್ರಾಯ ಬೇಡ ಬೇಡ ಎಂದರೂ ಚೀಟಿ ತರಿಸಿ, ಅವನ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನು ನಾನೇ ಬರೆದೆ, ಯಾರಿಗೂ ಹೊಡೆದು ಹಾಕಲಾಗದಷ್ಟು ದಪ್ಪಗೆ ತಿದ್ದಿ ತಿದ್ದಿ. ನಮಗೆ ಬಹುಮಾನ ಬರುವ ಲಕ್ಷಣ ಒಂದೂ ಇಲ್ಲ. ಆದರೆ ಈ ಸಲ ಸೋತರೆ ಇಬ್ಬರೂ ಸೋಲುತ್ತೇವೆ.