ಕದಿರಮ್ಮ ಕಳಿಸಿದ ವೀಡಿಯೊ

ವಿಜಯಪುರದಲ್ಲಿ ರೇಷ್ಮೆ ಎಳೆಗಳನ್ನು ಹೊಸೆದು ಹುರಿ ಮಾಡುವ ಮಿಷನ್ನಿನಲ್ಲಿ ಚಾಂದ್ ಬೀ ಇಪ್ಪತ್ತೆರಡು ವರ್ಷ ದುಡಿದಳು. ಅಷ್ಟು ವರ್ಷವೂ ಪಕ್ಕದ ಮಿಷನ್ನಿನಲ್ಲಿದ್ದವಳು ಹತ್ತಿರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಕದಿರಮ್ಮ. ಆ ಗದ್ದಲದಲ್ಲಿ ಕೂಗಿ ಕೂಗಿಯೇ ಮಾತಾಡಿ ಅಭ್ಯಾಸವಾದ ಇಬ್ಬರೂ ನನ್ನ ಜೆರಾಕ್ಸ್ ಅಂಗಡಿಗೆ ಬಂದರೆ ಗುಟ್ಟನ್ನೂ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಎಳೆ ತುಂಡಾದರೆ ಮಿಷನ್ನು ಕಾಯುವುದಿಲ್ಲ. ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆದು, ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಬೇಕು. ಇಬ್ಬರೂ ಹಾಗೆಯೇ ಮಾಡುತ್ತಿದ್ದರು, ಅವರಿಗೆ ಕಲಿಸಿದವರೂ ಹಾಗೆಯೇ. ಆಮೇಲೆ ಆ ನೂಲು ಸೋಪಿನ ನೀರಲ್ಲಿ ಕುದ್ದು, ಬಣ್ಣ ಹಾಕಿಸಿಕೊಂಡು ಸೀರೆಯಾಗುತ್ತದೆ.

ಹೋದ ವರ್ಷ, ಫೋನಿನಲ್ಲೇ ಸುದ್ದಿ ಚಾನೆಲ್ ನಡೆಸುವ ರವಿಚಂದ್ರ ಬಂದು ಇಬ್ಬರನ್ನೂ ಶೂಟ್ ಮಾಡಿಕೊಂಡು ಹೋದ. ವೀಡಿಯೊದಲ್ಲಿ ಬಂದದ್ದು ಚಾಂದ್ ಬೀ ಒಬ್ಬಳೇ. ಮೇಲೆ ದಪ್ಪ ಅಕ್ಷರ: ‘ನಿಮ್ಮ ಮಗಳ ಧಾರೆ ಸೀರೆಗೆ ಇವರ ಎಂಜಲು! ಬೇಕಂತಲೇ!’

ಓದಲು ಬಾರದ ಕದಿರಮ್ಮ ಫೋನಿನಲ್ಲಿ ಗೆಳತಿಯ ಮುಖ ಕಂಡದ್ದೇ ತಡ, ಹಿಗ್ಗಿಹೋದಳು. ಸಂಘದ ಹೆಂಗಸರಿಗೆ, ನೆಂಟರಿಗೆ, ಕೊನೆಗೆ ನನಗೂ ಕಳಿಸಿದಳು. ‘ನಮ್ ಚಾಂದಕ್ಕನ್ನ ನೋಡ್ರಪ್ಪಾ!’ ಎಂದು ಜೊತೆಗೆ ವಾಯ್ಸ್ ಮೆಸೇಜು ಬೇರೆ. ನಾನು ಅಕ್ಷರ ಓದಿದೆ, ಅದರಲ್ಲೇನಿದೆ ಎಂದು ಅವಳಿಗೆ ಹೇಳಲಿಲ್ಲ. ಹಾಗೆ ಸುಮ್ಮನಿದ್ದದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ವಾರದೊಳಗೆ ಮಾಲೀಕರು ಚಾಂದ್ ಬೀಗೆ, ‘ಸ್ವಲ್ಪ ತಣ್ಣಗಾಗ್ಲಿ, ಮನೇಲಿರಮ್ಮ’ ಎಂದರು. ಅತ್ತ ಕದಿರಮ್ಮ, ತನ್ನ ಸೊಸೆ ಶಾಮಲಾ ಆ ಅಕ್ಷರಗಳನ್ನು ಓದಿ ಹೇಳಿದ ದಿನದಿಂದ ನಾಚಿಕೆಯಿಂದ ಗೆಳತಿಗೆ ಮುಖ ತೋರಿಸಲಿಲ್ಲ. ಕೆಲಸ ಮುಗಿಸಿ ಸುತ್ತುಬಳಸಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು.

ಒಂದು ದಿನ ನಾನು ರವಿಚಂದ್ರನನ್ನು ನಿಲ್ಲಿಸಿ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

‘ಮಾತಾಡೋ ಹಕ್ಕು ನಂಗೂ ಐತಣ್ಣ. ನಾಲಿಗೆಗೆ ಇಟ್ಕೊಂಡಿದ್ದು ಸುಳ್ಳಾ?’

‘ಮಾತಾಡಪ್ಪಾ, ಯಾರು ಬೇಡ ಅಂದ್ರು? ಪಕ್ಕದಲ್ಲಿದ್ದ ಕದಿರಮ್ಮನ್ನ ಯಾಕೆ ಕಟ್ ಮಾಡ್ದೆ? ಬೇಕಂತ ಮಾಡ್ತೀನಿ ಅಂತ ಚಾಂದ್ ಬೀ ನಿನ್ ಕಿವೀಲಿ ಹೇಳಿದ್ಲಾ?’

ಅವನು ಗಾಡಿ ಸ್ಟಾರ್ಟ್ ಮಾಡಿ ಹೊರಟೇಹೋದ. ಅಂದವನ ಹಕ್ಕಿನ ಪರ ಮಾತಾಡಲು ಊರೆಲ್ಲ ಇದೆ. ಅನ್ನಿಸಿಕೊಂಡವಳ ಅನ್ನ ಹೋದದ್ದನ್ನು ಕೇಳುವವರಿಲ್ಲ.

ಚಾಂದ್ ಬೀಗೆ ಅನ್ನಕ್ಕಿಂತ ಕದಿರಮ್ಮನದೇ ಹಂಬಲ. ದಿನಾ ಸಂಜೆ ಬಸ್ಸಿನ ಹೊತ್ತಿಗೆ, ಬಸ್ ಸ್ಟ್ಯಾಂಡಿನ ದಾರಿಯಲ್ಲಿರುವ ನನ್ನ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದಳು.

‘ಕಂಪ್ಲೇಂಟ್ ಕೊಡಮ್ಮಾ ಅಂತಾನೆ ನನ್ ಮಗ ಇಮ್ರಾನ್. ಕೊಟ್ರೆ ಕಳಿಸಿದೋರ ಹೆಸ್ರೂ ಬರ್ತದಂತೆ. ಅವಳು ಕಳಿಸಿದ್ದು ಪ್ರೀತಿಗೆ ಅಣ್ಣ. ನಂಗೆ ಕಂಪ್ಲೇಂಟ್ ಬ್ಯಾಡ, ಅವಳು ಬರ್ಲಿ.’

ಕೊನೆಗೆ ಬಂದದ್ದು ಕದಿರಮ್ಮನಲ್ಲ, ಸೊಸೆಯ ಕೈಯಲ್ಲಿ ಅವಳು ತೆಗೆಸಿದ ಇನ್ನೊಂದು ವೀಡಿಯೊ. ಎಳೆಯನ್ನು ನಾಲಿಗೆಗೆ ತಾಗಿಸಿ ಗಂಟು ಹಾಕಿ, ‘ನಾನೂ ಹಿಂಗೇ ಮಾಡೋದು! ನನ್ ಹೆಸ್ರು ಕದಿರಮ್ಮ. ಚಾಂದಕ್ಕನ್ನ ಬೈಯೋರು ನನ್ನೂ ಬೈಯ್ರಿ!’ ಎನ್ನುತ್ತಾಳೆ. ಮೊದಲಿನದನ್ನು ಕಳಿಸಿದ್ದವರಿಗೆಲ್ಲ ಇದನ್ನೂ ಹಾಕಿದ್ದಳು. ಈ ಸಲ ನಾನೂ ಹಾಕಿದೆ. ಮೊದಲನೆಯದು ತಾಲ್ಲೂಕು ದಾಟಿತ್ತು. ಇದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಕದಿರಮ್ಮನನ್ನು ಒಬ್ಬರೂ ಬೈಯಲೂ ಇಲ್ಲ.

ಚಾಂದ್ ಬೀ ಮಾತ್ರ ನನ್ನ ಫೋನಿನಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು.

‘ಎಷ್ಟು ಸೊರಗವಳೆ ನೋಡಿ ಅಣ್ಣ. ನಾಳೆ ಸೀದಾ ನಮ್ ಮನೆಗೆ ಬಾ ಅಂತ ನೀವೇ ಫೋನ್ ಮಾಡಿ ಹೇಳಿ. ನಾನ್ ಮಾಡಿದ್ರೆ ಅತ್ಬಿಡ್ತೀನಿ.’